ಗೌರಿ ಹಬ್ಬಕ್ಕೆ ಕೊಟ್ಟ ಮಡ್‌ಗಾರ್ಡು

ಸವಿ, ಗೌರಿ ಹಬ್ಬಕ್ಕೆ ನಾನು ನಿನಗೆ ಕೊಟ್ಟ ತಗಡಿನ ಮಡ್‌ಗಾರ್ಡು ಆ ಜೀಪಿಗೆ ಆಗಿಬರುವುದಿಲ್ಲ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಕೊಟ್ಟೆ. ಘಾಟಿ ಕಡೆಯ ಕಲ್ಲುಗುಡ್ಡದಲ್ಲಿ ಗಾಡಿ ಮಗುಚಿದ್ದು ನಿನ್ನ ತಪ್ಪಿನಿಂದಲ್ಲ. ಊರವರು, ಅಪ್ಪ, ಕೊನೆಗೆ ನೀನೂ ನಂಬಿಕೊಂಡದ್ದು ಸುಳ್ಳು — ನಾನು ಬಾಯಿ ಮುಚ್ಚಿಕೊಂಡಿದ್ದರಿಂದ ನಿಂತ ಸುಳ್ಳು.

ಎಲ್ಲಿಂದ ಶುರು ಮಾಡಲಿ? ಹೊಟ್ಟೆಕಿಚ್ಚಿನಿಂದಲೇ ಮಾಡಬೇಕು. ಅಪ್ಪ ಬಾಡಿಗೆ ಹೊಡೆದು ನಮ್ಮಿಬ್ಬರನ್ನು ಸಾಕಿದ ಜೀಪು ಅದು. ಅಪ್ಪನ ಕಣ್ಣು ಮಂಜಾದ ಮೇಲೆ ನನಗೇ ಬರುತ್ತದೆ ಎಂದುಕೊಂಡಿದ್ದೆ. ದೊಡ್ಡಬಳ್ಳಾಪುರದಲ್ಲಿ ಟಿಂಕರಿಂಗ್ ಅಂಗಡಿ ಇಟ್ಟವನು ನಾನು. ನಜ್ಜುಗುಜ್ಜಾದ ತಗಡು ಬಡಿದು ನೆಟ್ಟಗೆ ಮಾಡುವುದೇ ನನ್ನ ಕಸುಬು. ಆ ಜೀಪಿನಲ್ಲಿ ನಾನು ಬಡಿಯದ ತಗಡಿಲ್ಲ. ಆದರೆ ಅಪ್ಪ, ನನ್ನ ಹೆಂಡತಿಯ ಎದುರಿಗೇ ಹೇಳಿಬಿಟ್ಟ: "ನೀನು ರಿಪೇರಿ ಮಾಡ್ಕೊಂಡಿರಪ್ಪ. ಗಾಡಿ ಓಡ್ಸೋ ಕೈ ಅವಳ್ದು. ಸವಿ ತಗೊಂಡೋಗ್ಲಿ."

ಅದು ನಿಜ — ಅದಕ್ಕೇ ಅಷ್ಟು ಉರಿಯಿತು. ಸುಳ್ಳಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನೀನು ಭಾನುವಾರಗಳಲ್ಲಿ ಕಲ್ಲುಗುಡ್ಡಕ್ಕೆ ಗಾಡಿ ಹತ್ತಿಸುವವರ ಜೊತೆ ಹೋಗಲು ಶುರು ಮಾಡಿದೆ. ಬೆಂಗಳೂರಿನ ಹುಡುಗರ ದುಬಾರಿ ಗಾಡಿಗಳು ಸಿಕ್ಕಿಕೊಂಡ ಜಾಗದಲ್ಲಿ ನೀನು ಅಪ್ಪನ ಹಳೇ ಜೀಪನ್ನು ಮೆಲ್ಲಗೆ ಹತ್ತಿಸಿಬಿಡುತ್ತಿದ್ದೆ. ಹೆಂಗಸರಿಗೆ ಓಡಿಸುವುದು ಕಲಿಸಲು ನಿನ್ನನ್ನೇ ಕರೆದರು. ನನ್ನ ಅಂಗಡಿಗೆ ಬಂದವರೂ "ನೀವು ಸವಿ ಅಕ್ಕನ ಅಣ್ಣ ಅಲ್ವಾ?" ಎನ್ನುತ್ತಿದ್ದರು. ಹೂಂ ಎನ್ನುತ್ತಿದ್ದೆ. ಆಮೇಲೆ ಸುತ್ತಿಗೆಯ ಏಟು ಜೋರಾಗುತ್ತಿತ್ತು.

ನೀನು ಜೀಪಿಗೆ ದೊಡ್ಡ ಟೈರು ಹಾಕಿಸಿದ ಮೇಲೆ ಅಗಲದ ಮಡ್‌ಗಾರ್ಡು ಬೇಕಾಯಿತು. ತಗಡಿನದೋ, ಪ್ಲಾಸ್ಟಿಕ್ಕಿನದೋ ಎಂದು ನನ್ನನ್ನು ಕೇಳಿದೆ. ಕೇಳುವ ಮೊದಲೇ ನೀನು ಯೋಚನೆ ಮಾಡಿಕೊಂಡು ಬಂದಿದ್ದೆ.

"ಕಲ್ಲಿಗೆ ತಾಗಿದ್ರೆ ಪ್ಲಾಸ್ಟಿಕ್ ಬಗ್ಗಿ ವಾಪಸ್ ಬರತ್ತೆ. ತಗಡು ಒಳಕ್ಕೆ ಮಡ್ಚಿಕೊಂಡ್ರೆ ಟೈರ್ ಹಿಡ್ಕೊಳಲ್ವಾ ಅಣ್ಣ?"

ಹಿಡಿದುಕೊಳ್ಳುತ್ತದೆ. ತಗಡಿಗೂ ಅದರದ್ದೇ ಗುಣವಿದೆ — ಬಿಸಿಲಿಗೆ ಬಿರುಕು ಬಿಡುವುದಿಲ್ಲ, ನಜ್ಜಾದರೆ ಬಡಿದು ಸರಿ ಮಾಡಬಹುದು, ಮೇಲೆ ಹತ್ತಿ ಕೂರಬಹುದು. ಊರ ರಸ್ತೆಯಲ್ಲಿ ಓಡಿಸುವವರಿಗಾದರೆ ಕಣ್ಣು ಮುಚ್ಚಿಕೊಂಡು ತಗಡೇ ಎನ್ನುತ್ತಿದ್ದೆ. ಬಂಡೆ ಹತ್ತುವ ಗಾಡಿಗೆ ನೀನು ಹೇಳಿದ್ದೇ ಸರಿ. ಆದರೆ ಪ್ಲಾಸ್ಟಿಕ್ಕಿನದು ಬೆಂಗಳೂರಿನ ಅಂಗಡಿಯಿಂದ ಬರುತ್ತದೆ, ಅದರಲ್ಲಿ ನನ್ನದೇನೂ ಇರುವುದಿಲ್ಲ. ನಾನಿಲ್ಲದೆ ನೀನು ಗೆಲ್ಲುವುದು — ಅಲ್ಲ, ನೀನು ಗೆಲ್ಲುವುದೇ ನನಗೆ ಬೇಕಿರಲಿಲ್ಲ. ನೋಡೋಣ ಎಂದಷ್ಟೇ ಹೇಳಿ ಕಳಿಸಿದೆ. ನೀನು ಪ್ಲಾಸ್ಟಿಕ್ಕಿನದಕ್ಕೇ ಆರ್ಡರ್ ಕೊಟ್ಟೆ.

ನಾನು ತಗಡು ಕತ್ತರಿಸಿದೆ. ಗೌರಿ ಹಬ್ಬದ ಬೆಳಿಗ್ಗೆ ಸೀರೆ, ಬಳೆ, ಹೂವಿನ ಜೊತೆ ಆ ಎರಡು ಮಡ್‌ಗಾರ್ಡುಗಳನ್ನೂ ಅರಿಶಿನ ಕುಂಕುಮ ಹಚ್ಚಿ ನಿನ್ನ ಮನೆಗೆ ತಂದೆ. ಹಬ್ಬಕ್ಕೆ ತವರಿನಿಂದ ಬಂದದ್ದನ್ನು ಹೆಣ್ಣುಮಗಳು ಬೇಡ ಎನ್ನುವಂತಿಲ್ಲ. ಅದಕ್ಕೇ ಆ ದಿನ ನೋಡಿ ತಂದೆ. ನಿನ್ನ ಅತ್ತೆಗೆ ಸಂತೋಷವೋ ಸಂತೋಷ — "ಎಂಥ ಅಣ್ಣನ್ನ ಪಡ್ಕೊಂಡಿದೀಯಮ್ಮ!" ನಾನೇ ಅಲ್ಲಿ ನಿಂತು ಜೋಡಿಸಿದೆ. ನೀನು ಬಗ್ಗಿ, ಟೈರಿಗೂ ತಗಡಿಗೂ ನಡುವೆ ಬೆರಳು ಆಡಿಸಿ ನೋಡಿದೆ.

"ಗ್ಯಾಪ್ ಸಾಲತ್ತಾ ಅಣ್ಣ?"

"ಸಾಲತ್ತೆ ಕಣೇ. ನಾನ್ ಮಾಡಿರೋದು."

ನೀನು ನನ್ನ ಕಾಲಿಗೆ ನಮಸ್ಕಾರ ಮಾಡಿದೆ. ಪ್ಲಾಸ್ಟಿಕ್ಕಿನ ಆರ್ಡರ್ ಬೇಡವೆಂದು ನೀನು ಅವತ್ತೇ ಫೋನ್ ಮಾಡಿದೆ.

ನೀನು ಬೀಳಲಿ ಎಂದುಕೊಂಡಿರಲಿಲ್ಲ — ಹೀಗೆ ಬರೆದರೆ ನೆಪ ಹೇಳಿದಂತಾಗುತ್ತದೆ. ನೀನು ಎಲ್ಲರ ಎದುರು ಸಿಕ್ಕಿಹಾಕಿಕೊಂಡು, ನಾಚಿಕೊಂಡು ನನಗೆ ಫೋನ್ ಮಾಡಬೇಕು, ನಾನು ಬಂದು ಬಿಡಿಸಬೇಕು. ಅಷ್ಟನ್ನಂತೂ ಬಯಸಿದ್ದೆ.

ಹಬ್ಬ ಕಳೆದು ಬಂದ ಭಾನುವಾರ ಫೋನ್ ಮಾಡಿದ್ದು ಬೇರೆಯವರು. ನಾನು ಗುಡ್ಡದ ಹತ್ತಿರ ಹೋಗುವಷ್ಟರಲ್ಲಿ ನಿನ್ನನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಜೀಪು ಮಗ್ಗುಲಾಗಿ ಬಿದ್ದಿತ್ತು. ಬಲಗಡೆಯ ತಗಡು ಬಂಡೆಗೆ ತಾಗಿ ಒಳಕ್ಕೆ ಮಡಿಚಿ, ತಿರುಗಿದ್ದ ಟೈರನ್ನು ಕಚ್ಚಿ ಹಿಡಿದಿತ್ತು. ಸ್ಟೇರಿಂಗ್ ವಾಪಸ್ ಬರಲು ಸಾಧ್ಯವೇ ಇರಲಿಲ್ಲ. ನೋಡಿದ ಕೂಡಲೇ ಗೊತ್ತಾಯಿತು. ಅಲ್ಲಿದ್ದವರು "ಅಕ್ಕ ಜಾಸ್ತಿ ತಿರುಗಿಸ್ಬಿಟ್ರು ಅನ್ಸತ್ತೆ" ಎಂದರು. "ಹಂಗೇ ಕಾಣತ್ತೆ" ಎಂದೆ. ಅವರು ಹಗ್ಗ ತರಲು ಹೋದಾಗ ಹಾರೆ ಹಾಕಿ ತಗಡನ್ನು ಟೈರಿನಿಂದ ಎಳೆದು ಬಿಡಿಸಿದೆ. ಅಪ್ಪ ಬಂದು ನೋಡುವ ಹೊತ್ತಿಗೆ ಅದು ಬರೀ ನಜ್ಜಾದ ಮಡ್‌ಗಾರ್ಡು.

ಆಸ್ಪತ್ರೆಯಲ್ಲಿ ನೀನು ಕಣ್ಣು ಬಿಟ್ಟು ಹೇಳಿದ ಮೊದಲ ಮಾತು — "ನಂದೇ ತಪ್ಪು ಅಣ್ಣ. ಸ್ಟೇರಿಂಗ್ ವಾಪಸ್ ತರೋದು ಲೇಟಾಗೋಯ್ತು." ಆಗ ಹೇಳಬಹುದಿತ್ತು. ಕೋಣೆಯಲ್ಲಿ ನಾವಿಬ್ಬರೇ ಇದ್ದೆವು. ನಾನು "ಹೋಗ್ಲಿ ಬಿಡು" ಎಂದು ನಿನ್ನ ತಲೆ ಸವರಿದೆ. ಸವಿ, ನಾನು ನಿನ್ನನ್ನು ಕ್ಷಮಿಸಿದೆ!

ನಿನ್ನ ಬಲಗೈ ಮಣಿಕಟ್ಟು ಈಗಲೂ ಪೂರ್ತಿ ತಿರುಗುವುದಿಲ್ಲ. ಆದರೆ ನೀನು ಓಡಿಸುವುದನ್ನು ಬಿಟ್ಟದ್ದು ಅದಕ್ಕಲ್ಲ. ನಿನ್ನ ಮೇಲೇ ನಿನಗೆ ನಂಬಿಕೆ ಹೋಯಿತು. ಆ ನಂಬಿಕೆಯನ್ನು ತೆಗೆದದ್ದು ನಾನು. ಕಲಿಯಲು ಬರುತ್ತಿದ್ದ ಹೆಂಗಸರೂ ಬರುವುದು ಬಿಟ್ಟರು. "ಹೆಣ್ಣಿನ ಕೈಗೆ ಗಾಡಿ ಕೊಟ್ಟಿದ್ದು ನಂದೇ ತಪ್ಪು" ಎಂದು ಅಪ್ಪ ಕಂಡವರ ಹತ್ತಿರವೆಲ್ಲ ಹೇಳಿದ. ನಾನು ಪಕ್ಕದಲ್ಲೇ ಕೂತು ಕಾಫಿ ಕುಡಿಯುತ್ತಿದ್ದೆ.

ಜೀಪು ನನ್ನ ಪಾಲಿಗೆ ಬಂತು. ಅದೇ ತಿಂಗಳು ನಾನೇ ಬೆಂಗಳೂರಿಗೆ ಹೋಗಿ ಪ್ಲಾಸ್ಟಿಕ್ ಮಡ್‌ಗಾರ್ಡು ತಂದು ಹಾಕಿಸಿದೆ. ಮೊನ್ನೆ ಮನೆಗೆ ಬಂದಾಗ ನೀನು ಅದನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಅದು ಬಗ್ಗಿತು, ಮತ್ತೆ ಎದ್ದು ಬಂತು. ನೀನು ನನ್ನ ಮುಖ ನೋಡಿದೆ. ನೀನು ಕೇಳಿದ್ದರೆ ಏನು ಹೇಳುತ್ತಿದ್ದೆನೋ — ಇನ್ನೊಂದು ಸುಳ್ಳನ್ನೇ, ಬಹುಶಃ.

ಈ ಭಾನುವಾರ ಅಪ್ಪನನ್ನು ಕರೆದುಕೊಂಡು ನಿನ್ನ ಮನೆಗೆ ಬರುತ್ತೇನೆ. ನಿನ್ನ ಅತ್ತೆ, ಯಜಮಾನರು ಇರುವಾಗಲೇ ಎಲ್ಲ ಹೇಳುತ್ತೇನೆ. ಆಮೇಲೆ ಗುಡ್ಡದ ಹುಡುಗರಿಗೂ ಹೇಳುತ್ತೇನೆ. ಜೀಪನ್ನು ನಿನ್ನ ಬಾಗಿಲಲ್ಲೇ ಬಿಟ್ಟು ಬಸ್ಸಿನಲ್ಲಿ ವಾಪಸ್ ಬರುತ್ತೇನೆ. ಓಡಿಸುತ್ತೀಯೋ, ಮಾರುತ್ತೀಯೋ, ನಿನ್ನಿಷ್ಟ. ನನ್ನ ಮುಖ ನೋಡಬೇಕೋ ಬೇಡವೋ ಅನ್ನುವುದೂ ನಿನ್ನಿಷ್ಟ.

ಇನ್ನೊಂದು ಮಾತು ಉಳಿಯಿತು. ಇದನ್ನು ಅವರೆಲ್ಲರ ಎದುರು ಹೇಳುವ ಧೈರ್ಯ ನನಗಿಲ್ಲ, ನಿನಗೆ ಮಾತ್ರ ಹೇಳುತ್ತಿದ್ದೇನೆ. ನಿನ್ನ ಕೈ ಇನ್ನೂ ಕಟ್ಟಿನಲ್ಲಿರುವಾಗ ಅಪ್ಪ ಜೀಪಿನ ಕೀ ತಂದು ನನ್ನ ಅಂಗೈಯಲ್ಲಿಟ್ಟ. ಆಗ ನನಗೆ ಖುಷಿಯಾಯಿತು, ಸವಿ.