ಹೆಣದ ಪೆಟ್ಟಿಗೆ ತೋರಿಸಿ ಹೆಣ್ಣು ಕೇಳಿದ ಅಂಗಡಿ ಲುಂಗ್

ವಾಂಬ್ಯಾಟ್ ಕ್ರೀಕ್ ಎಂಬ ಚಿನ್ನದ ಗಣಿಯೂರಿನಲ್ಲಿ ಅಂಗಡಿ ಲುಂಗ್ ಅಂದರೆ ಗೊತ್ತಿಲ್ಲದವರೇ ಇರಲಿಲ್ಲ. ಪೂರ್ತಿ ಹೆಸರು ಕ್ವಾನ್ ಲುಂಗ್, ಚೀನೀಯ, ಊರು ಸಮುದ್ರದಾಚೆಯ ಕ್ಯಾಂಟನ್ ಸೀಮೆ. ಚಿನ್ನ ಅಗೆಯುತ್ತೇನೆ ಅಂತ ವಿಕ್ಟೋರಿಯಾಕ್ಕೆ ಬಂದವನು ಹದಿನೆಂಟು ದಿನ ಅಗೆದ, ಅಂಗೈ ತುಂಬ ಬೊಬ್ಬೆ ಎಬ್ಬಿಸಿಕೊಂಡ, ಹತ್ತೊಂಬತ್ತನೇ ದಿನ 'ಅಗೆಯುವವರಿಗೂ ಹೊಟ್ಟೆ ಇರುತ್ತಲ್ಲ!' ಅಂತ ಹೊಳೆದು ಗುದ್ದಲಿ ಮಾರಿ ಚಹಾ ಸೊಪ್ಪು ಕೊಂಡ. ಹನ್ನೆರಡು ವರ್ಷದಲ್ಲಿ ತಗಡಿನ ಮಾಡಿನ ಅಂಗಡಿಯೇ ಎದ್ದು ನಿಂತಿತು. ಬೂಟು, ಮೋಂಬತ್ತಿ, ಉಪ್ಪುಮೀನು, ಹಿಟ್ಟು, ಸಕ್ಕರೆ ಪಾಕದ ಶುಂಠಿ, ಏನು ಬೇಕು ಕೇಳಿ! ಕ್ರಿಸ್‌ಮಸ್ಸಿಗೆ ಗಿರಾಕಿಗಳಿಗೆಲ್ಲ ಒಂದೊಂದು ಜಾಡಿ ಶುಂಠಿ ಪುಕ್ಕಟೆ. ನೋರಾ ಟಿಯರ್ನಿಗೆ ಮಾತ್ರ ಕ್ರಿಸ್‌ಮಸ್ಸು ತಿಂಗಳಿಗೆರಡು ಸಲ ಬರುತ್ತಿತ್ತು.

ನೋರಾ ಐರಿಷ್ ಹೆಂಗಸು. ಗಂಡ ಮೈಕೆಲ್ ಗಣಿಗುಂಡಿ ಕುಸಿದು ಸತ್ತ ಮೇಲೆ ಗುಡಾರದ ಹಿಂದೆ ಮಣ್ಣಿನ ಒಲೆ ಕಟ್ಟಿ ಬ್ರೆಡ್ಡು ಮಾಡಿ ಮಾರುತ್ತಿದ್ದಳು. ಒಂದು ಸೋಮವಾರ ಬಂದವಳೇ, "ಈ ಸಲ ಅರ್ಧ ಮೂಟೆ ಹಿಟ್ಟು ಸಾಕು. ಶನಿವಾರದ ಗಾಡಿಗೆ ಹೊರಟೆ. ಬಂದು ಇಲ್ಲೇ ಇರು ಅಂತ ಗೀಲಾಂಗಿಂದ ಅಕ್ಕ ಕರೀತಿದಾಳೆ" ಅಂದಳು.

ಲುಂಗ್ ಮೂರು ವರ್ಷದಿಂದ ಕೇಳಬೇಕು ಕೇಳಬೇಕು ಅಂದುಕೊಂಡದ್ದನ್ನು ಇನ್ನೈದು ದಿನದಲ್ಲಿ ಕೇಳಬೇಕು! ಅವನ ಊರಲ್ಲಾದರೆ ಮದುವೆ ಕುದುರಿಸುವ ಮುದುಕಿ ಹೋಗಿ ಗಂಡಿನ ಗುಣಗಾನ ಮಾಡುತ್ತಾಳೆ, ಗಂಡು ಬಾಯಿಗೆ ಬೀಗ ಹಾಕಿಕೊಂಡು ಕೂತರಾಯಿತು. ಇಲ್ಲಿ ಯಾರಿದ್ದಾರೆ? ತನ್ನ ಯೋಗ್ಯತೆಯನ್ನು ತಾನೇ ಕಣ್ಣಿಗೆ ಕಾಣುವ ಹಾಗೆ ತೋರಿಸಬೇಕು. ಯೋಚಿಸಿದ, ಯೋಚಿಸಿದ, ಕೊನೆಗೆ ಬಡಗಿ ಪೆಂಗೆಲ್ಲಿಯ ಹತ್ತಿರ ಓಡಿದ.

"ಒಂದು ಹೆಣದ ಪೆಟ್ಟಿಗೆ. ಒಳ್ಳೇ ಮರ, ದಪ್ಪ ಹಲಗೆ."

"ಅಯ್ಯೋ, ಯಾರು ಹೋಗಿದ್ದು?"

"ನನಗೇ."

ಪೆಂಗೆಲ್ಲಿ ಮೆಲ್ಲಗೆ ಟೋಪಿ ತೆಗೆದ.

ಲುಂಗನ ಊರಿನ ನಂಬಿಕೆಯೇ ಹಾಗೆ: ನಲವತ್ತು ದಾಟಿದವನು ಪೆಟ್ಟಿಗೆ ಮಾಡಿಸಿಟ್ಟು ವರ್ಷಕ್ಕೊಮ್ಮೆ ಬಣ್ಣ ಬಳಿಯುತ್ತಿದ್ದರೆ ಆಯಸ್ಸು ಗಟ್ಟಿ, ಮನೆಗೆ ಶುಭ. ಗುರುವಾರ ನೋರಾಳನ್ನು ಅಂಗಡಿಗೆ ಕರೆಸಿ, ಪೆಟ್ಟಿಗೆಯ ಮುಸುಕು ಸರಿಸಿ, ಗಂಟಲು ಸರಿಮಾಡಿಕೊಂಡ.

"ನೋಡಿ ಟಿಯರ್ನಿಯಮ್ಮಾ, ನಾಲ್ಕಿಂಚು ದಪ್ಪ! ತಟ್ಟಿ ನೋಡಿ ಬೇಕಾದ್ರೆ. ನನ್ನ ಮದುವೆ ಆಗ್ತೀರಾ?"

ನೋರಾ ಪೆಟ್ಟಿಗೆ ನೋಡಿದಳು, ಅವನನ್ನು ನೋಡಿದಳು, ಎದೆಯ ಮೇಲೆ ಶಿಲುಬೆ ಗುರುತು ಹಾಕಿಕೊಂಡಳು. "ಡಾಕ್ಟ್ರು ಎಷ್ಟು ದಿನ ಅಂದ್ರು?"

"ಯಾವ ಡಾಕ್ಟ್ರು?"

"ಸಾಯೋಕೆ ಹೊರಟು ಮದುವೆ ಕೇಳ್ತೀರಲ್ಲ, ನಾಚಿಕೆ ಆಗಲ್ವಾ! ಒಬ್ಬನನ್ನ ಮಣ್ಣು ಮಾಡಿದ್ದೇ ಸಾಕಾಗಿದೆ ನನಗೆ!" ಅಂದವಳು ಅಳುತ್ತಾ ಓಡಿಬಿಟ್ಟಳು.

ಪೆಂಗೆಲ್ಲಿಯ ಬಾಯಿ ಸುಮ್ಮನಿರುತ್ತದೆಯೇ? ಶುಕ್ರವಾರ ಮಧ್ಯಾಹ್ನದೊಳಗೆ ಐರಿಷ್ ಗಣಿಗಾರರೆಲ್ಲ ತಲೆ ಬಾಚಿಕೊಂಡು, ವಿಸ್ಕಿ ಬಾಟಲಿ ಹಿಡಿದು ಅಂಗಡಿಗೆ ಬಂದರು. ಅವರಲ್ಲಿ ಸತ್ತವರ ಮನೆಯಲ್ಲಿ ಸೇರಿ ಕುಡಿದು ಹಾಡುವುದು ಪದ್ಧತಿ.

"ಸತ್ಮೇಲೆ ಬಂದ್ರೆ ನಿನಗೆ ಒಂದು ಗುಟುಕೂ ಸಿಗಲ್ಲ ಮಾರಾಯ, ಅದಕ್ಕೇ ಮೊದಲೇ ಬಂದ್ವಿ" ಅಂದ ಅವರಲ್ಲೊಬ್ಬ, ಡೊನೊವನ್.

"ನಾನು ಸಾಯ್ತಾ ಇಲ್ಲಪ್ಪಾ!"

"ಎಲ್ರೂ ಹಂಗೇ ಅಂತಾರೆ. ನಿನ್ನ ಕೋಳಿಗಳನ್ನ ಯಾರಿಗೆ ಕೊಡ್ತೀಯ?"

ಲುಂಗನಿಗೆ ರೇಗಿಹೋಯಿತು. ಹಿಟ್ಟಿನ ಮೂಟೆಯೊಂದನ್ನು ತಲೆಗೇರಿಸಿಕೊಂಡು ಅಂಗಡಿಯ ಸುತ್ತ ಮೂರು ಸುತ್ತು ಓಡಿಯೇ ಓಡಿದ. ಡೊನೊವನ್ ಕಣ್ಣೊರೆಸಿಕೊಂಡ. "ಪಾಪ, ಆರೋ ದೀಪ ಜೋರಾಗಿ ಉರಿಯತ್ತೆ."

ಶನಿವಾರ ಬೆಳಿಗ್ಗೆ ಗಾಡಿ ಹೊರಟು ನಿಂತಿತ್ತು, ನೋರಾಳ ಟ್ರಂಕು ಮೇಲೇರಿತ್ತು. ಲುಂಗ್ ಓಡಿ ಬಂದು ಕುದುರೆಗೆ ಅಡ್ಡ ನಿಂತುಬಿಟ್ಟ.

"ಪೆಟ್ಟಿಗೆ ಸಾಯೋಕಲ್ಲಮ್ಮಾ, ಬದುಕೋಕೆ! ನಮ್ಮಜ್ಜ ನಲವತ್ತನಾಲ್ಕಕ್ಕೇ ಮಾಡಿಸಿಟ್ರು. ಹೋಗಿದ್ದು ಎಂಬತ್ತೊಂಬತ್ತಕ್ಕೆ. ಅದೂ ಲಿಚಿ ಮರದಿಂದ ಬಿದ್ದು!"

"ಎಂಬತ್ತೊಂಬತ್ತಕ್ಕೆ ಮರ ಯಾಕೆ ಹತ್ತಿದ್ರು?"

"ಪೆಟ್ಟಿಗೆ ಇತ್ತಲ್ಲ, ಧೈರ್ಯ."

ನೋರಾ ನಗಲಿಲ್ಲ. "ನನ್ನ ಮೈಕೆಲ್‌ಗೆ ಒಂದು ಹಲಗೇನೂ ಸಿಗ್ಲಿಲ್ಲ. ಕಂಬಳೀಲಿ ಸುತ್ತಿ ಇಟ್ವಿ" ಅಂದಳು. ಲುಂಗ್ ತಲೆ ತಗ್ಗಿಸಿದ.

ಆಮೇಲೆ ಅವಳೇ ಕೇಳಿದಳು, "ಅಂದ್ರೆ ನೀನು ಎಂಬತ್ತೊಂಬತ್ತರ ತನಕ ಗಟ್ಟಿ. ನಾನು ಪೆಟ್ಟಿಗೆ ಇಲ್ದೆ ಐವತ್ತಕ್ಕೇ ಹೋಗ್ಬೇಕಾ? ಆಮೇಲೆ ಇನ್ನೊಬ್ಬಳನ್ನ ಕಟ್ಕೊಳೋ ಪ್ಲಾನಾ?"

ಲುಂಗನಿಗೆ ಇದು ಬೈಗುಳ ಅನ್ನಿಸಿತು. ಗಾಡಿಯವನಿಗೆ ಮಾತ್ರ ತಕ್ಷಣ ಅರ್ಥವಾಯಿತು. ಟ್ರಂಕನ್ನು ದಢಕ್ಕನೆ ಕೆಳಗಿಳಿಸಿ ಕೂಗಿದ, "ಪೆಂಗೆಲ್ಲೀ, ಅಳತೆಪಟ್ಟಿ ತಗೊಂಡು ಬಾರೋ!"

ಪೆಂಗೆಲ್ಲಿ ಬಂದ. ಊರೆಲ್ಲ ನೋಡುತ್ತಿರಲು, ನಡುರಸ್ತೆಯಲ್ಲಿ, ನೋರಾ ನೆಟ್ಟಗೆ ನಿಂತಳು.

"ಬಾನೆಟ್ ಟೋಪಿ ತೆಗೀರಮ್ಮಾ, ಅಳತೆ ತಪ್ಪತ್ತೆ."

"ತೆಗಿಯಲ್ಲ. ಸೇರಿಸೇ ಅಳೆ" ಅಂದಳು ನೋರಾ. "ಅವನದಕ್ಕಿಂತ ಒಂದಿಂಚಾದ್ರೂ ಉದ್ದ ಇರ್ಬೇಕು ನನ್ನದು."