ನೀಲಿ ಹೂವು ಎಷ್ಟು ಎತ್ತರಕ್ಕೆ?

ಮೇಲಿನ ಮನೆಯಲ್ಲಿ ಬಚ್ಚಲು ರಿಪೇರಿ ನಡೆದಿದೆ. ಹಸಿ ಸಿಮೆಂಟಿನ ವಾಸನೆ ಮೆಟ್ಟಿಲಿಳಿದು ನನ್ನ ಅಡುಗೆಮನೆಗೆ ಬಂತು. ಸೌಟು ಹಿಡಿದು ನಿಂತವಳು ಧಾರವಾಡ ಬಿಟ್ಟು ಗೋವಾದ ಮ್ಹಾಪಸಾಕ್ಕೆ ಹೋಗಿಬಿಟ್ಟೆ.

ಎಂಬತ್ತರ ದಶಕದ ಕೊನೆ. ಮದುವೆಯಾಗಿ ಅಲ್ಲಿಗೆ ಹೋಗಿದ್ದೆ. ನಮ್ಮವರದು ಬಟ್ಟೆ ಅಂಗಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚಿದ ಮೇಲೆಯೇ ಬರುವರು. ಮಾತೆಲ್ಲ ಗಿರಾಕಿಗಳಿಗೇ ಖರ್ಚಾಗಿರುತ್ತಿತ್ತು. ನೆರೆಯವರು ಒಳ್ಳೆಯವರೇ, ಆದರೆ ನನಗೆ ಬರುತ್ತಿದ್ದ ಕೊಂಕಣಿ ಎಂದರೆ ಮೀನಿನವಳಿಗೆ ಬೇಡವೆನ್ನುವ 'ನಾಕಾ' ಒಂದೇ. ಹಗಲೆಲ್ಲ ಕುಕ್ಕರಿನ ಜೊತೆ ಮಾತಾಡುತ್ತಿದ್ದೆ. ಅದಾದರೂ ತಿರುಗಿ ಕೂಗುತ್ತಿತ್ತು ನೋಡಿ.

ಹಾಗಿರುವಾಗ ಬಚ್ಚಲಿಗೆ ಶವರ್ ಕೂಡಿಸಿ, ಗೋಡೆಗೆ ಟೈಲ್ಸ್ ಹಾಕಿಸುವ ಹುಕಿ ನಮ್ಮವರಿಗೆ ಬಂತು. ಕೆಲಸಕ್ಕೆ ಬಂದವರು ವಿಜಾಪುರದ ಕಡೆಯ ಒಬ್ಬ ಗೌಂಡಿ ಮತ್ತು ಅವನ ಹೆಂಡತಿ ಯಲ್ಲವ್ವ. ಗೌಂಡಿ ಬಾಯಿ ಬಿಡುವವನಲ್ಲ, ಅವನ ಪಾಲಿನ ಮಾತೂ ಯಲ್ಲವ್ವನೇ ಆಡುವಳು. ಟೈಲ್ಸುಗಳನ್ನು ಸಿಮೆಂಟಿಲ್ಲದೆ ನಡುಮನೆಯಲ್ಲಿ ಹಾಸಿ ಕರೆದಳು.

"ನೋಡ್ರಿ ಅಕ್ಕಾರ, ನಡುವಿನಿಂದ ಸುರು ಮಾಡಿದ್ರ ಎರಡೂ ಮೂಲ್ಯಾಗ ಕೊಯ್ದ ತುಂಡು ಬರ್ತಾವ. ಈ ಮೂಲಿಂದ ಹಿಡದ್ರ ತುಂಡೆಲ್ಲಾ ಬಾಗಲಾ ಹಿಂದ ಮುಚ್ಚಿ ಹೋಗ್ತಾವ. ಹ್ಯಾಂಗ ಮಾಡೂಣ್ರಿ?"

ಆ ಊರಿಗೆ ಬಂದಾಗಿನಿಂದ ನನ್ನನ್ನು ಯಾರೂ ಹಾಗೆ ಕೇಳಿರಲಿಲ್ಲ. ಕಣ್ಣು ತುಂಬಿ ಬಂತು. ಟೈಲ್ಸ್ ನೋಡಿ ಅಳುವ ಹೆಂಗಸನ್ನು ಗೌಂಡಿ ಕಂಡಿರಲಾರ. ಬೀಡಿ ಹಿಡಿದು ಹೊರಗೆ ನಡೆದ.

ನಡುವಿನಿಂದ ಎಂದೆ. ಚಹಾ ಕುಡಿದ ಮೇಲೆ ಮೂಲೆಯಿಂದ ಎಂದೆ. ಮರುದಿನ ನೀಲಿ ಹೂವಿನ ಟೈಲ್ಸಿನ ಸಾಲು ಎದೆಮಟ್ಟಕ್ಕೋ ತಲೆಮಟ್ಟಕ್ಕೋ ಎಂಬ ಚರ್ಚೆ. ಅವಳ ತವರು, ನನ್ನ ತವರು, ಇಬ್ಬರ ಅತ್ತೆಯರು, ಎಲ್ಲರೂ ಆ ಟೈಲ್ಸುಗಳ ನಡುವೆ ಬಂದು ಕೂತರು.

ಕೊನೆಗೆ ಯಲ್ಲವ್ವ ನಕ್ಕಳು. "ಮಾತಾಡಾಕ ಮಂದಿ ಬೇಕಂದ್ರ ಹಂಗ ಹೇಳ್ರಿ. ಟೈಲ್ಸ್ ಯಾಕ ಕುಣಸಾಕತ್ತೀರಿ? ಶುಕ್ರವಾರ ಬಜಾರಕ್ಕ ಬರ್ತೇನಿ, ಅಲ್ಲೇ ಕೂಡೂಣಂತ." ನನ್ನನ್ನು ಗೋಡೆಗೆ ಒರಗಿಸಿ ನಿಲ್ಲಿಸಿ ಕಣ್ಣಿನ ಮಟ್ಟಕ್ಕೆ ಇದ್ದಿಲಿನ ಗೆರೆ ಎಳೆದಳು. ಹೂಗಳು ಅಲ್ಲೇ ಕೂತವು.

ಕೆಲವು ಶುಕ್ರವಾರ ಬಜಾರಿನ ಮೆಣಸಿನಕಾಯಿ ಸಾಲಿನಲ್ಲಿ ಸಿಕ್ಕಳು. ಆಮೇಲೆ ಸಿಗಲಿಲ್ಲ. ಡಿಚೋಲಿಯ ಗಣಿ ಕಡೆ ಹೋದರೆಂದು ಯಾರೋ ಹೇಳಿದರು. ಆದರೂ ಬಹಳ ಕಾಲ ಅದೇ ಸಾಲಿನಲ್ಲಿ ನಿಂತು, ಬೇಡದ ಮೆಣಸಿನಕಾಯಿ ಕೊಂಡು ತಂದೆ. ಶವರ್ ಕೆಳಗೆ ನಿಂತು ನೀಲಿ ಹೂಗಳಿಗೆ ಮನೆಯ ಸುದ್ದಿಯೆಲ್ಲ ಗಟ್ಟಿಯಾಗಿ ಹೇಳುತ್ತಿದ್ದೆ. ನೀರಿನ ಸದ್ದಿಗೆ ಯಾರಿಗೂ ಕೇಳುತ್ತಿರಲಿಲ್ಲ.

ನಮ್ಮವರು ತೀರಿಕೊಂಡ ಮೇಲೆ ಧಾರವಾಡಕ್ಕೆ ಮರಳಿದೆ. ಇಲ್ಲಿ ಸುತ್ತಲೂ ಕನ್ನಡವೇ. ನನ್ನ ಜೊತೆ ಮಾತಾಡುವವರು ಕಡಿಮೆ, ಅಷ್ಟೇ.

ಇವತ್ತು ಒಲೆ ಆರಿಸಿ ಮೆಟ್ಟಿಲು ಹತ್ತಿದೆ. ಮೇಲಿನ ಮನೆಗೆ ಒಡಿಶಾದ ದಂಪತಿ ಬಂದು ತಿಂಗಳುಗಳಾದವು, ನಾನು ಒಮ್ಮೆಯೂ ಹೋಗಿರಲಿಲ್ಲ. ಗಂಡ ಕೆಲಸಕ್ಕೆ ಹೋಗಿದ್ದ. ಬಾಗಿಲು ತೆರೆದ ಅವನ ಹೆಂಡತಿ, ಇನ್ನೂ ಹುಡುಗಿ, ನನ್ನ ಕೈ ಹಿಡಿದೇ ಒಳಗೆ ಕರೆದೊಯ್ದಳು. ಅವಳ ಭಾಷೆಯ ಒಂದು ಶಬ್ದವೂ ನನಗೆ ತಿಳಿಯಲಿಲ್ಲ. ಮಂಡಿನೋವು ಲೆಕ್ಕಿಸದೆ ನೆಲದ ಮೇಲೆ ಕೂತೆ. ಅವಳೂ ಎದುರಿಗೆ ಕೂತಳು, ಹೇಳುತ್ತಲೇ ಹೋದಳು.