ರಾಶಿಫಲದ ಪಕ್ಕದ ಕಿವಿ

ನಾನು ತೆಲುಗು ಸೀಮೆಯ ಆದೋನಿಯ ಒಂದು ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಆನ್‌ಲೈನ್ ಪಾಠಗಳ ಕಾಲದಲ್ಲಿ ನನಗೆಂದು ತಂದ ಲ್ಯಾಪ್‌ಟಾಪು, ಶಾಲೆ ಮತ್ತೆ ತೆರೆದ ಮೇಲೆ ಊಟದ ಮೇಜಿನ ಮೇಲೆಯೇ ಉಳಿದು ಮನೆಯವರೆಲ್ಲರ ಸೊತ್ತಾಯಿತು. ಬೆಳಿಗ್ಗೆ ಲಿಂಗಪೂಜೆ ಮುಗಿಸಿದ ಅತ್ತೆ ಅದರ ಮುಂದೆ ಕೂತು ಕನ್ನಡದ ರಾಶಿಫಲ ಓದುತ್ತಾರೆ. ಅವರು ಸಿರುಗುಪ್ಪದಲ್ಲಿ ಶಾಲೆ ಕಲಿತವರು. ನಮ್ಮ ಓಣಿಗೆ ಬರುವ ಪತ್ರಿಕೆಗಳೆಲ್ಲ ತೆಲುಗಿನವು. ಮಧ್ಯಾಹ್ನ ಅವರು ಮಲಗಿದ ಮೇಲೆ ಹತ್ತಿ ಅಂಗಡಿಯಿಂದ ಊಟಕ್ಕೆ ಬಂದ ಮಾವನವರ ಸರದಿ. ಸಂಜೆ ನನ್ನದು. ನನ್ನ ಗಂಡನಿಗೆ ಫೋನು ಒಂದಿದ್ದರೆ ಸಾಕು, ಬೇರೇನೂ ಬೇಡ.

ಹೋದ ವರ್ಷ ಒಂದು ಭಾನುವಾರ ನಾನು ಉಗ್ಗಾಣಿಗೆ ಮಂಡಕ್ಕಿ ನೆನೆಸುತ್ತಿದ್ದಾಗ ಅತ್ತೆ ಕೂಗಿದರು.

"ಇಲ್ಲಿ ಬಾ ಸ್ವಲ್ಪ. ಏನಿದು?"

ಪರದೆಯ ಮೇಲೆ ಕನ್ಯಾ ರಾಶಿಯ ಪಕ್ಕದಲ್ಲಿ ಅಂಗೈಯಗಲದ ಒಂದು ಕಿವಿ. ಕಿವಿಯ ಹಿಂದೆ ಕಡಲೆಕಾಳಿನಷ್ಟು ಯಂತ್ರ. ಕೆಳಗೆ ತೆಲುಗಿನಲ್ಲಿ ಬರೆದಿತ್ತು, ನಿಮಗೆ ಸರಿಯಾಗಿ ಕೇಳಿಸುತ್ತಿಲ್ಲವೇ ಎಂದು.

"ನನಗ ಕಿವುಡು ಅಂತ ಇದಕ್ಕ ಯಾರು ಹೇಳ್ಯಾರ?"

"ಜಾಹೀರಾತು ಅತ್ತಿ. ಎಲ್ಲಾರಿಗೂ ತೋರಸ್ತಾರ."

"ಮೂರು ದಿನದಿಂದ ನೋಡಾಕತ್ತೀನಿ. ರಾಶಿಫಲಕ್ಕ ಹೋದ್ರೂ ಇದ ಕಿವಿ, ಉಪ್ಪಿನಕಾಯಿ ಮಾಡೋದು ನೋಡಾಕ ಹೋದ್ರೂ ಇದ ಕಿವಿ. ನೀನ ಏನರ ಹೇಳಿರಬೇಕು."

ಅನುಮಾನಕ್ಕೆ ಕಾರಣವಿತ್ತು. ಹಿಂದಿನ ವಾರ ಮಿಕ್ಸಿ ತಿರುಗುತ್ತಿದ್ದಾಗ ಮೂರು ಸಲ ಕರೆದರೂ ಅವರು ಓಗೊಡಲಿಲ್ಲ. ನಾನು ಬೇಸರದಲ್ಲಿ, "ಕಿವಿ ಕೇಳಂಗಿಲ್ಲೇನು ಅತ್ತಿ?" ಎಂದುಬಿಟ್ಟಿದ್ದೆ. ಅತ್ತೆ ಇಂಥದ್ದನ್ನು ಮರೆಯುವವರಲ್ಲ.

ಪಾರಾಗಲು ಪಾಠ ಮಾಡದೆ ಬೇರೆ ದಾರಿಯಿರಲಿಲ್ಲ. "ನಾವು ಒಂದು ಸೈಟಿಗೆ ಹೋದ್ರ ಅದು ನಮ್ಮ ಬ್ರೌಸರ್‌ನ್ಯಾಗ ಒಂದು ಚೀಟಿ ಇಟ್ಟು ಹೋಗ್ತೈತಿ. ಅದಕ್ಕ ಕುಕೀ ಅಂತಾರ. ಮಾರ್ಕೆಟ್ ಯಾರ್ಡಿನ್ಯಾಗ ಹತ್ತಿ ರಾಶಿ ಮ್ಯಾಲ ಯಾರದು ಅಂತ ಲಾಟ್ ಚೀಟಿ ಇಡ್ತಾರಲ್ಲ, ಹಂಗ. ತಿರುಗಿ ಹೋದಾಗ ಆ ಚೀಟಿ ನೋಡಿ ಗುರ್ತು ಹಿಡೀತೈತಿ. ನೀವು ಕೇಳದಿದ್ರೂ ದಿನಾ ಕನ್ಯಾ ರಾಶಿನ ತೆರೀತೈತಲ್ಲ, ಅದು ಆ ಚೀಟಿಯಿಂದನ."

"ಅದು ಚೊಲೊ ಚೀಟಿ. ಈ ಕಿವಿ ಚೀಟಿ ಯಾರು ಇಟ್ರು?"

"ಜಾಹೀರಾತಿನವ್ರು. ಅವ್ರು ಎಲ್ಲಾ ಸೈಟಿನ್ಯಾಗೂ ಒಂದು ಮೂಲಿ ಹಿಡದು ಕುಂತಿರ್ತಾರ. ಒಂದು ಕಡೆ ನಾವು ಏನು ನೋಡಿದ್ವಿ ಅಂತ ಬರದಿಟ್ಟು, ಇನ್ನೊಂದು ಕಡೆ ಓದಿಕೋತಾರ."

"ಅಂದ್ರ ನಾವು ನೋಡಿದ್ದ ನಮಗ ತೋರಸ್ತಾರ. ನಾನು ಕಿವಿ ನೋಡಿಲ್ಲ. ನೀನು?"

ನಾನೂ ನೋಡಿರಲಿಲ್ಲ. ಯಾರು ನೋಡಿರಬಹುದೆಂಬುದು ಆಗಲೇ ಹೊಳೆಯಿತು. ಮುಚ್ಚಿಹಾಕಲು ಹೋಗಿ, "ಒಮ್ಮೊಮ್ಮೆ ವಯಸ್ಸು ಅಂದಾಜು ಮಾಡಿನೂ ತೋರಸ್ತಾರ" ಎಂದೆ. ಅದಕ್ಕಿಂತ ಕೆಟ್ಟ ಉತ್ತರ ಇನ್ನೊಂದಿರಲಿಲ್ಲ. ಅತ್ತೆ ಲ್ಯಾಪ್‌ಟಾಪನ್ನು ಪಟ್ಟನೆ ಮುಚ್ಚಿ ಎದ್ದುಹೋದರು. ಉಗ್ಗಾಣಿಯನ್ನೂ ಅರ್ಧ ತಟ್ಟೆಯಷ್ಟೇ ತಿಂದರು.

ಸಂಜೆ ಬ್ರೌಸರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಯಾವ ಯಾವ ಸೈಟುಗಳು ಕುಕೀ ಇಟ್ಟಿವೆ ಎಂದು ನೋಡಿದೆ. ಶ್ರವಣಯಂತ್ರದ ಅಂಗಡಿಗಳೇ ನಾಲ್ಕು. ಒಂದನ್ನು ತೆರೆದರೆ, "ನೀವು ಆರಿಸಿದ್ದು ಇನ್ನೂ ಬುಟ್ಟಿಯಲ್ಲಿದೆ" ಎಂದು ಅಕ್ಕರೆಯಿಂದ ನೆನಪಿಸಿತು. ಎಡಗಿವಿಯದು, ಗೋಧಿ ಬಣ್ಣದ್ದು.

ಮಾವನವರೊಡನೆ ಗುಟ್ಟಾಗಿ ಮಾತಾಡಬೇಕಿತ್ತು. ಆದರೆ ಕಿವಿ ಮಂದವಾದವರಿಗೆ ಗುಟ್ಟು ಹೇಳುವುದು ಹೇಗೆ? ಜಗಲಿಯಲ್ಲಿ ಕೂತಿದ್ದವರ ಬಳಿ ಹೋಗಿ ಮೆಲ್ಲಗೆ, "ಮಾವಾ, ಕುಕೀಸ್ ಅಳಿಸಬೇಕಿತ್ತು" ಎಂದೆ.

"ಕುಕ್ಕರ್ ಆರಿಸಾಕ ನನ್ನ ಯಾಕ ಕೇಳ್ತಿ ಯವ್ವಾ? ಆರಿಸು ಹೋಗು" ಎಂದರು ಓಣಿಗೆಲ್ಲ ಕೇಳುವ ಹಾಗೆ.

ಕೊನೆಗೆ ಲ್ಯಾಪ್‌ಟಾಪನ್ನೇ ಮುಂದಿಟ್ಟು ಆ ಬುಟ್ಟಿಯನ್ನು ತೋರಿಸಿದೆ. ಅವರ ಮುಖ ಕೆಂಪಾಯಿತು. ಗಾಬರಿಯಾದಾಗ ಮಾವನವರಿಗೆ ತೆಲುಗೇ ಬರುವುದು. "ಎವರಿಕೀ ಚೆಪ್ಪಕಮ್ಮಾ" ಎಂದರು, ಯಾರಿಗೂ ಹೇಳಬೇಡವೆಂದು. ಆಮೇಲೆ ತಾವೇ ಹೇಳಿದರು. ಚಿಪ್ಪಗಿರಿಯಲ್ಲಿ ಬೀಗರ ಮನೆಯ ನಿಶ್ಚಿತಾರ್ಥಕ್ಕೆ ಹೋದಾಗ ಯಾರೋ ಇವರ ಮಗಳ ಮಗನ ಬಗ್ಗೆ, "ಮೊಮ್ಮಗ ಹೆಂಗದಾನ?" ಎಂದು ಕೇಳಿದರಂತೆ. ಇವರಿಗೆ 'ಹೆಂಗ' ಅನ್ನುವುದಷ್ಟೇ ಕಿವಿಗೆ ಬಿದ್ದು, ಹತ್ತಿ ಬೆಳೆಯ ವಿಷಯ ಅನಿಸಿದೆ. "ಹುಳ ಬಿದ್ದೈತಿ. ಔಷಧ ಹೊಡೀಬೇಕು" ಎಂದಿದ್ದಾರೆ. ಪಂಕ್ತಿಯೆಲ್ಲ ನಕ್ಕಿದೆ. ತಾವು ಬೇಕೆಂದೇ ಅಂದವರಂತೆ ಇವರೂ ನಕ್ಕರಂತೆ, ಆದರೆ ಆಮೇಲೆ ಊಟ ರುಚಿಸಲಿಲ್ಲವಂತೆ.

"ಅತ್ತಿಗೆ ಹೇಳಬೇಕಿತ್ತಲ್ಲ ಮಾವಾ?" ನಾನು ಕಿವಿಯ ಹತ್ತಿರ ಬಾಗಿ ಕೇಳಿದೆ.

"ಹೆಂಗ ಹೇಳ್ಲಿ? ಮದಿವಿ ಆದಾಗಿಂದ ಆಕಿಗೆ 'ನಾ ಹೇಳಿದ್ದು ನಿನಗ ಕೇಳಂಗಿಲ್ಲ' ಅಂತ ನಾನ ಬೈಕೋತ ಬಂದೀನಿ."

ಈ ಸೈಟುಗಳಿಗೆ ಇಷ್ಟೊಂದು ಚೀಟಿ ಇಡಲು ಬಿಟ್ಟದ್ದು ಯಾಕೆಂದು ಕೇಳಿದೆ. ಪ್ರತಿ ಸೈಟೂ ಮೊದಲೇ ಅನುಮತಿ ಕೇಳುತ್ತದಲ್ಲ. ಇವರು ಎಲ್ಲ ಕಡೆಯೂ 'ಎಲ್ಲವನ್ನೂ ಒಪ್ಪುತ್ತೇನೆ' ಎಂಬುದನ್ನೇ ಒತ್ತಿದ್ದರು. "ಬಾಗಲದಾಗ ನಿಂತು ಮರ್ಯಾದಿಯಿಂದ ಕೇಳ್ತಾರ. ಒಳಗ ಬರಬ್ಯಾಡ ಅಂತ ಹೆಂಗ ಅನ್ನೋದು?" ಎಂದರು. ಒಪ್ಪುವ ಗುಂಡಿ ದೊಡ್ಡದಾಗಿ, ಬಣ್ಣಬಣ್ಣವಾಗಿ ಇರುತ್ತದೆ. ಬೇಡ ಅನ್ನುವುದನ್ನು ಹುಡುಕಿಕೊಂಡು ಎರಡು ಪುಟ ಒಳಗೆ ಹೋಗಬೇಕು. ಹೀಗಿರುವಾಗ ಅವರನ್ನೊಬ್ಬರನ್ನೇ ದೂರುವಂತಿರಲಿಲ್ಲ.

ಅವರು ಎದುರಿಗೆ ಕೂತು ಅವಸರ ಮಾಡುತ್ತಿದ್ದರಿಂದ ನಾನು ದಡ್ಡತನ ಮಾಡಿದೆ. ಆ ನಾಲ್ಕು ಸೈಟುಗಳದ್ದನ್ನು ಮತ್ತು ಜಾಹೀರಾತಿನವರದ್ದನ್ನು ಮಾತ್ರ ಅಳಿಸುವ ಬದಲು, ಮೊದಲಿನಿಂದ ಇದ್ದ ಕುಕೀಗಳನ್ನೆಲ್ಲ ಒಂದೇ ಏಟಿಗೆ ಅಳಿಸಿಬಿಟ್ಟೆ.

ಮಾರನೆಯ ಬೆಳಿಗ್ಗೆ ಕಿವಿ ಹೋಗಿತ್ತು. ಅದರ ಜೊತೆಗೆ ಅತ್ತೆಯ ಕನ್ಯಾ ರಾಶಿಯೂ ಹೋಗಿತ್ತು. ಪುಟ ಮೇಷದಿಂದ ಶುರುವಾಗುತ್ತಿತ್ತು. ಅವರು ವಚನ ಕೇಳುವ ಸೈಟು ಪಾಸ್‌ವರ್ಡ್ ಕೇಳಿತು. ಅದು ಮನೆಯಲ್ಲಿ ಯಾರಿಗೂ ನೆನಪಿರಲಿಲ್ಲ. ನನ್ನ ಶಾಲೆಯ ಹಾಜರಿಯ ಪುಟವೂ ನನ್ನನ್ನು ಹೊರಗೆ ನಿಲ್ಲಿಸಿತ್ತು.

"ಎಲ್ಲಾ ಚೀಟಿ ನಾನ ಅಳಿಸಿದೆ ಅತ್ತಿ" ಎಂದು ಒಪ್ಪಿಕೊಂಡೆ.

ಅತ್ತೆ ಕನ್ನಡಕ ತೆಗೆದು ನನ್ನನ್ನು ನೋಡಿದರು. "ನಿನ್ನೆ ಬರೇ ಜಾಹೀರಾತು ಅಂದಿ. ಇವತ್ತು ಅಳಿಸೀನಿ ಅಂತಿ. ಯಾರದೋ ಏನೋ ಮುಚ್ಚಾಕ ಹತ್ತೀದಿ."

ಅವರು ಕುರ್ಚಿಯಲ್ಲಿ ಕೂತಲ್ಲಿಂದಲೇ, ಜಗಲಿಯ ಕಡೆ ಬೆನ್ನು ಮಾಡಿಕೊಂಡೇ, ಎಂದಿನಂತಲ್ಲದೆ ಮೆತ್ತಗೆ ಕರೆದರು. "ಏನ್ರೀ, ಚಹಾ ಕುಡೀತೀರೇನು?"

ಜಗಲಿಯಿಂದ ಉತ್ತರ ಬರಲಿಲ್ಲ. ನಾನು ಈ ಮನೆಗೆ ಬಂದ ಮೇಲೆ ಮಾವನವರು ಚಹಾ ಬೇಡ ಅಂದದ್ದನ್ನು ಕಂಡಿಲ್ಲ. ಅತ್ತೆ ಇನ್ನೊಮ್ಮೆ ಕೇಳಿದರು. ಆಮೇಲೆ ಎದ್ದು ಹೋಗಿ, ಅವರ ಎದುರು ನಿಂತು ಕೇಳಿದರು. ಅವರು ಅರಳಿದ ಮುಖದಿಂದ ತಲೆಯಾಡಿಸಿದರು.

ಬೈಗುಳ ಬರುತ್ತದೆಂದು ಕಾಯುತ್ತಿದ್ದೆ. ಅತ್ತೆ ಒಲೆಯ ಮುಂದೆ ನಿಂತು ಸೆರಗಿನಿಂದ ಕಣ್ಣೊತ್ತಿಕೊಂಡರು. "ಈಕಿ ಬಾಳ ಒದರ್ತಾಳ ಅಂತ ಓಣ್ಯಾಗೆಲ್ಲ ಅಂತಾರ. ಯಾಕ ಒದರ್ತಿದ್ದೆ ಅಂತ ನನಗ ಈಗ ಗೊತ್ತಾತು ನೋಡು."

ಆ ವಾರವೇ ಮೂವರೂ ಬಸ್ಸಿನಲ್ಲಿ ಬಳ್ಳಾರಿಗೆ ಹೋದೆವು. ಕಿವಿಯ ಡಾಕ್ಟರು ಮಾವನವರನ್ನು ಗಾಜಿನ ಕೋಣೆಯಲ್ಲಿ ಕೂರಿಸಿ ಪರೀಕ್ಷಿಸಿದರು. ಹೇಗೂ ಬಂದಿದ್ದೇವೆಂದು ಅತ್ತೆ ತಮ್ಮ ಕಿವಿಯನ್ನೂ ತೋರಿಸಿಕೊಂಡರು. ಅವರದು ಹದಿನಾರರ ಹುಡುಗಿಯ ಕಿವಿಯಂತೆ ಇದೆಯೆಂದು ಡಾಕ್ಟರು ತಮಾಷೆಗೆ ಅಂದರು. ಅತ್ತೆ ಅದನ್ನು ತಮಾಷೆಯೆಂದು ತೆಗೆದುಕೊಳ್ಳಲಿಲ್ಲ. ದೇವನಕೊಂಡದ ನನ್ನ ನಾದಿನಿಯವರೆಗೆ ಎಲ್ಲರಿಗೂ ಫೋನಿನಲ್ಲಿ ಹೇಳಿದ್ದಾರೆ.

ಕೆಲವು ದಿನಗಳ ನಂತರ ಯಂತ್ರ ಬಂತು. ಅದನ್ನು ಹಾಕಿಕೊಂಡ ಮೊದಲ ದಿನ ಮಾವನವರು ಫ್ಯಾನನ್ನೂ, ನಲ್ಲಿಯನ್ನೂ, ತಮ್ಮ ಚಪ್ಪಲಿಯನ್ನೂ ದೂರಿದರು. ಅತ್ತೆ ಮಾತಾಡಿದಾಗ ಬೆಚ್ಚಿಬಿದ್ದು, "ಇಷ್ಟು ಜೋರು ಮಾತಾಡ್ತೀಯೇನು ನೀ?" ಎಂದು ಕೇಳಿದರು. ಅತ್ತೆ ಅಂದು ಸಂಜೆಯವರೆಗೆ ಅವರೊಡನೆ ಮಾತೇ ಆಡಲಿಲ್ಲ.

ನಾನು ಲ್ಯಾಪ್‌ಟಾಪಿನಲ್ಲಿ ಮೂವರಿಗೂ ಬೇರೆ ಬೇರೆ ಪ್ರೊಫೈಲ್ ಮಾಡಿಕೊಟ್ಟೆ. ಒಬ್ಬರ ಚೀಟಿ ಇನ್ನೊಬ್ಬರ ಪುಟಕ್ಕೆ ಬರಬಾರದಲ್ಲ. ಬೇರೆಯವರು ಬಂದು ಇಡುವ ಕುಕೀಗಳನ್ನು ತಡೆಯುವುದನ್ನೂ ಸೆಟ್ಟಿಂಗ್ಸ್‌ನಲ್ಲಿ ಹಾಕಿದೆ. ಅತ್ತೆ ಈಗ ಪ್ರತಿ ಸೈಟಿನ ಬಾಗಿಲಲ್ಲೂ ನಿಂತು ವಿಚಾರಣೆ ಮಾಡುತ್ತಾರೆ. ಮಗ್ಗುಲಿನ ಸಣ್ಣ ಅಕ್ಷರ ಒತ್ತಿ, ಪಟ್ಟಿ ತೆರೆದು, "ಇದು ನಿನಗ್ಯಾಕ ಬೇಕು?" ಎಂದು ಪರದೆಯನ್ನೇ ಗದರಿಸುತ್ತ ಒಂದೊಂದನ್ನೇ ತೆಗೆದುಹಾಕುತ್ತಾರೆ. ರಾಶಿ ನೆನಪಿಡುವ ಚೀಟಿಯನ್ನು ಮಾತ್ರ ಇಟ್ಟುಕೊಳ್ಳಲು ಬಿಟ್ಟಿದ್ದಾರೆ. ಮಾವನವರು ಈಗಲೂ ಎಲ್ಲವನ್ನೂ ಒಪ್ಪುತ್ತಾರೆ. ವಾರಕ್ಕೊಮ್ಮೆ ನಾನೇ ಅಳಿಸುತ್ತೇನೆ.

ಕಷ್ಟವಾದದ್ದು ನಮ್ಮಿಬ್ಬರಿಗೆ. ಇಷ್ಟು ವರ್ಷ ನಾನೂ ಅತ್ತೆಯೂ ಅಡುಗೆಮನೆಯಲ್ಲಿ ಮಾವನವರ ಬಗ್ಗೆ ಧಾರಾಳವಾಗಿ ಮಾತಾಡಿಕೊಂಡಿದ್ದೆವು. ಮೊನ್ನೆ ಅವರ ಹೊಸ ಅಂಗಿಯ ಬಣ್ಣದ ವಿಷಯ ಬಂದು ಇಬ್ಬರೂ ನಗುತ್ತಿದ್ದಾಗ ಜಗಲಿಯಿಂದ ದನಿ ಬಂತು.

"ಕೇಳಾಕತ್ತೈತಿ."

ಅತ್ತೆ ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದರು.